ಫೋನಿನ ಹುಡುಗಿಯ ಊಟ

ಅಮ್ಮಾ,

ವಾಷಿಂಗ್ ಮಷಿನ್ ಮತ್ತೆ ಕೈಕೊಟ್ಟಿದೆ. ಕಂಪನಿಗೆ ಫೋನ್ ಮಾಡಿದರೆ, ನೀನು ಹೋದಮೇಲೂ ಅದೇ ರೆಕಾರ್ಡಿಂಗ್ ಹುಡುಗಿ: "ಒಂದನ್ನು ಒತ್ತಿ, ಎರಡನ್ನು ಒತ್ತಿ." ಒತ್ತಿ ಒತ್ತಿ ಬೆರಳು ಸವೆಯಿತೇ ಹೊರತು ಮನುಷ್ಯರು ಸಿಗಲಿಲ್ಲ. "ನಿಮ್ಮ ಕರೆ ನಮಗೆ ಬಹಳ ಮುಖ್ಯ" ಎಂದು ಅವಳು ಮತ್ತೆ ಶುರುಮಾಡಿದಾಗ, ಬೈಯಲು ಬಾಯಿ ತೆರೆದವಳು, "ಆಯ್ತು ಕಣಮ್ಮಾ, ನಿಂದು ಊಟ ಆಯ್ತಾ?" ಎಂದುಬಿಟ್ಟೆ. ನಿನ್ನದೇ ಮಾತು, ನಿನ್ನದೇ ರಾಗ.

ನಿನ್ನ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. "ಅಯ್ಯೋ, ಅದು ಮಷಿನ್ ಅಮ್ಮಾ!"

"ಗೊತ್ತು ಕಣೇ. ನಿಮ್ಮಜ್ಜೀನೂ ಹೀಗೇ ಕೇಳ್ತಿದ್ರು."

ಬಟ್ಟೆಯನ್ನೆಲ್ಲ ಕೈಯಲ್ಲೇ ಒಗೆದೆವು. ಆ ತುದಿಗೆ ಅವಳು, ಈ ತುದಿಗೆ ನಾನು ನಿಂತು ಬೆಡ್‌ಶೀಟ್ ಹಿಂಡುತ್ತ, ಮೈಯೆಲ್ಲ ನೆನೆಸಿಕೊಂಡು ನಗುತ್ತಿದ್ದಾಗ ಕೇಳಿದಳು: "ಆಮೇಲೆ ಅಜ್ಜಿ ಏನ್ ಹೇಳ್ತಿದ್ರು?"

ಆಮೇಲೆ ನೀನು ಏನು ಹೇಳುತ್ತಿದ್ದೆ, ಅಮ್ಮಾ? ಅಷ್ಟರಲ್ಲಿ ನಾನು ನಿನ್ನ ಕೈಯಿಂದ ಫೋನ್ ಕಿತ್ತುಕೊಂಡಿರುತ್ತಿದ್ದೆ.