ಕಂಬಗಳ ದಾರಿಯಲ್ಲಿ ಬಂದ ಕರೆ

ಫೆಬ್ರವರಿ 9, ಭಾನುವಾರ. ಬಸವಕಲ್ಯಾಣ

ಮತ್ತೆ ಕುತ್ತಿಗೆ ನೋವು. ತಿದ್ದಬೇಕಾದ ಕಾಲೇಜಿನ ಪೇಪರ್ ಕಟ್ಟು ಇನ್ನೂ ಬಿಚ್ಚಿಲ್ಲ. ಮಾಳಿಗೆ ಹತ್ತಿ ಆಂಟೆನಾ ತಂತಿ ಬಿಗಿ ಮಾಡಿ, ಕೆಳಗೆ ಬಂದು ಚುಕ್ಕೆ-ಗೆರೆಯ ಸಂಕೇತ ಕಳಿಸುವ ಮೋರ್ಸ್ ಕೀ ಒತ್ತಿದೆ. ಹುಮನಾಬಾದಿನಿಂದ ತಾಹೇರಾ ಆಪಾ ಕೂಡಲೇ ಉತ್ತರ ಕೊಟ್ಟರು. ಆಮೇಲೆ ಫೋನು.

"ಜಯಾ, ಬಾಜೂ ಖೋಲ್ಯಾಗ ಕುಂತು ಬಡದಂಗ ಕೇಳಾಕತ್ತದ!"

ನಮ್ಮಂಥ ಹವ್ಯಾಸಿ ರೇಡಿಯೋದವರು ಇಷ್ಟು ಕೆಳಗಿನ ಆವರ್ತನಕ್ಕೆ ಇಳಿಯುವುದೇ ಕಡಿಮೆ. ಇದು ನೆಲ ಹಿಡಿದು ಹೋಗುತ್ತದೆ, ಗುಡ್ಡಕ್ಕೂ ಮಳೆಗೂ ಅಂಜುವುದಿಲ್ಲ. ಆದರೆ ನನ್ನ ಆಂಟೆನಾ ಇದಕ್ಕೆ ತೀರಾ ಗಿಡ್ಡ. ಇಷ್ಟು ಜೋರು ಹೇಗೆ ಬಂತು? ಯೋಚಿಸಲಿಲ್ಲ. ಖುಷಿಯಾಗಿತ್ತು.

ಫೆಬ್ರವರಿ 20

ಹುಮನಾಬಾದಿನ ಸರಕಾರಿ ಕಚೇರಿಯಲ್ಲಿ ಮೀಟಿಂಗ್. ಗಾಳಿಗೆ ಕಂಬ ಬಿದ್ದು ಫೋನು ಬಂದಾದಾಗ ಬ್ಯಾಟರಿ ಮೇಲೆ ನಮ್ಮ ರೇಡಿಯೋ ನಡೆಸುವ ಯೋಜನೆ. ಸಾಹೇಬರು ಒಪ್ಪಿದರು. ಏಪ್ರಿಲ್‌ನಲ್ಲಿ ಡೆಮೋ. ಪಾಸಾದರೆ ರಾಜೇಶ್ವರದ ದವಾಖಾನೆಯಲ್ಲೂ ಒಂದು ಸೆಟ್.

ಆಪಾ ಇಡೀ ಮೀಟಿಂಗಿನಲ್ಲಿ ತಂಗಿಯ ಹೆಸರು ಎತ್ತಲಿಲ್ಲ. ಕೆಲ ವರ್ಷದ ಹಿಂದೆ ರಾಜೇಶ್ವರದಲ್ಲಿ ಆ ತಂಗಿ ಸುಮೇರಾಗೆ ಹೆರಿಗೆ ನೋವು ಬಂದ ಸಂಜೆ ಕಂಬಗಳು ಉರುಳಿದ್ದವು, ಟವರ್ ಬಂದ್. ಗಂಡ ಫಿರೋಜ್ ಆಂಬುಲೆನ್ಸ್ ಕರೆಯಲು ಬೈಕಿನಲ್ಲಿ ಓಡಿದ. ಮರಳುವಷ್ಟರಲ್ಲಿ ಮಗು ಹುಟ್ಟಿತ್ತು, ಅವಳು ಇರಲಿಲ್ಲ. ಅದಾದ ಮೇಲೆಯೇ ಆಪಾ ನನ್ನ ಬಳಿ ಬಂದದ್ದು. ಉರ್ದು ಶಾಲೆಯಲ್ಲಿ ದಿನವಿಡೀ ಪಾಠ ಮಾಡಿ, ಬಸ್ ಹಿಡಿದು ಬಂದು ಮೋರ್ಸ್ ಕಲಿತರು. ಲೈಸೆನ್ಸ್ ಪರೀಕ್ಷೆ ಬರೆದರು.

ಮಾರ್ಚ್ 8

ದುಬಲಗುಂಡಿ. ಸಹೋದ್ಯೋಗಿ ಮನೀಷಾಳ ಮಗನ ತೊಟ್ಟಿಲು. ಚಿಕ್ಕ ರಿಸೀವರ್ ಒಯ್ದಿದ್ದೆ — ಎಲ್ಲರ ಮುಂದೆ ಮೆರೆಯಲು. ಮನೆಯ ಸೆಟ್ ತಾನಾಗಿ ನನ್ನ ಕರೆ ಕಳಿಸುತ್ತಲೇ ಇರುವಂತೆ ಹಚ್ಚಿಟ್ಟು ಬಂದಿದ್ದೆ. ಊಟವಾದ ಮೇಲೆ ಹೊಲದಲ್ಲಿ ನಿಂತು ಹಿಡಿದೆ. ಬರೀ ಸೂಂ. ಮನೆಗೆ ಫೋನು ಮಾಡಿದೆ.

"ಚಾಲೂನೇ ಅದ. ಕೆಂಪ ಲೈಟ್ ಹತ್ತೇದ," ಅಂದರು ಮನೆಯವರು.

ಮರಳುವಾಗ ಬಸ್ ಪಂಕ್ಚರ್. ನಿಂತದ್ದು ಕರೆಂಟಿನ ದೊಡ್ಡ ಲೈನ್ ಕೆಳಗೆ. ಸುಮ್ಮನೆ ರಿಸೀವರ್ ಹಚ್ಚಿದೆ. ನನ್ನದೇ ಕರೆ — ಕಿವಿ ತುಂಬ. ಹೊಲದೊಳಗೆ ನಡೆದೆ. ಸಣ್ಣಗಾಯಿತು. ಇನ್ನಷ್ಟು ನಡೆದೆ, ಹೋಯಿತು. ಕಂಬದ ಕಡೆ ತಿರುಗಿದೆ, ಬಂತು.

"ಏನ್ ಹುಡುಕಾಕತ್ತೀರಿ ಮೇಡಂ?" ಕಂಡಕ್ಟರ್ ಕೇಳಿದ. ತಂತಿ ಕಡೆ ಕೈ ಮಾಡಿದೆ.

ಆ ಲೈನು ನನ್ನ ಮಾಳಿಗೆಯ ಪಕ್ಕದಲ್ಲೇ ಹಾದಿದೆ. ಆಪಾ ಮನೆಯ ಹಿಂದೆಯೂ ಅದೇ. ಕರೆ ನೆಲ ಹಿಡಿದು ಹೋಗುತ್ತಿಲ್ಲ, ತಂತಿಗೆ ಹತ್ತಿ ತಂತಿಯ ಜೊತೆ ಹೋಗುತ್ತಿದೆ. ಅಂದರೆ ಕಂಬ ಬಿದ್ದ ದಿನ ನಾವೂ ಬಿದ್ದೆವು.

ಮಾರ್ಚ್ 9

ಆಪಾಗೆ ಹೇಳಬೇಕು. ನಾಳೆ.

ಮಾರ್ಚ್ 15

ಹೇಳಿಲ್ಲ. ಆಪಾ ರಂಜಾನಿನ ರೋಜಾ ಹಿಡಿದಿದ್ದಾರೆ ಎಂಬ ನೆವ. ಡೆಮೋ ದಿನ ಕಂಬಗಳು ನಿಂತೇ ಇರುತ್ತವೆ. ಪಾಸಾಗುತ್ತೇವೆ. ಯಾರಿಗೂ ತಿಳಿಯುವುದಿಲ್ಲ, ಮುಂದಿನ ಗಾಳಿಯ ತನಕ. ಸುಸ್ತು. ಸುಮ್ಮನಿದ್ದುಬಿಡುವುದು ಎಷ್ಟು ಸುಲಭ.

ರಾಜೇಶ್ವರದಲ್ಲಿ ಯಾರೋ ಆ ಸೆಟ್ ನಂಬಿ ಕೂತಿರುತ್ತಾರೆ...

ಮಾರ್ಚ್ 16

ಹುಮನಾಬಾದಿಗೆ ಹೋದೆ. ಆಪಾ ಇಫ್ತಾರಿಗೆ ಹಣ್ಣು ಹೆಚ್ಚುತ್ತಿದ್ದರು. ಸುಮೇರಾಳ ಮಗಳು ಬೆನ್ನಿಗೆ ಜೋತುಬಿದ್ದಿದ್ದಳು.

"ಆಪಾ, ನನ್ನ ಸಿಗ್ನಲ್ ಕರೆಂಟ್ ತಂತಿ ಹಿಡದು ಬರಾಕತ್ತದ."

"ಬರಲಿ ಬಿಡು. ಬರಾಕತ್ತದಲ್ಲ?"

"ತಂತಿ ಹರದ ದಿನ ಬರಂಗಿಲ್ಲರಿ."

ಚಾಕು ನಿಂತಿತು. "ನಿನಗ ಸಾಕಾಗೇದ ಜಯಾ. ಅದಕ್ಕ ಹಿಂಗ ಅನ್ನಾಕತ್ತೀ. ಬ್ಯಾಡಾದ್ರ ಬಿಡು. ನಾ ಒಬ್ಬಾಕೀನೇ ಮಾಡ್ತೀನಿ."

ಬಾಗಿಲ ತನಕವೂ ಬರಲಿಲ್ಲ.

ಏಪ್ರಿಲ್ 3

ಈದ್ ಆಗಿಹೋಯಿತು. ಪ್ರತಿ ಸಲ ಆಪಾ ಕಳಿಸುವ ಶ್ಯಾವಿಗೆಯ ಶೀರ್ ಖುರ್ಮಾ ಬರಲಿಲ್ಲ. ಫೋನೂ ಇಲ್ಲ. ಪೇಪರ್ ತಿದ್ದಿದೆ. ಮಲಗಿದೆ. ಮತ್ತೆ ತಿದ್ದಿದೆ.

ಏಪ್ರಿಲ್ 6

ಆಪಾ ಫೋನು. ಸಲಾಮ್ ಇಲ್ಲ, ಕುಶಲ ಇಲ್ಲ.

"ನಾಳೆ ನಮ್ಮ ಕಡೀ ಲೈನಿನ ತಂತಿ ಬದಲಿ ಮಾಡ್ತಾರಂತ. ಹಳೇ ತಂತಿ ಕೆಳಗ ಇಳಸ್ತಾರ. ನೀ ಕಳಸು. ನಾ ಕೇಳ್ತೀನಿ."

ಏಪ್ರಿಲ್ 7

ಬೆಳಗಿನಿಂದ ಕೀ ಮೇಲೆ ಕೈ. ನನ್ನ ಲೆಕ್ಕ ತಪ್ಪಾಗಿರಲಿ, ಆಪಾಗೆ ಕೇಳಲಿ — ಅದೊಂದೇ ಮನಸ್ಸಿನಲ್ಲಿ. ಮಣಿಕಟ್ಟು ಸೋತಿತು. ಎಡಗೈಗೆ ಬದಲಿಸಿದೆ. ಉತ್ತರವಿಲ್ಲ.

ಮಧ್ಯಾಹ್ನ ಫೋನು ಬಂತು. ಆಪಾ.

"ಏನೂ ಇಲ್ಲ ಜಯಾ. ಬಾಗಲಾ ಹಾಕಿ, ಪೋರಿಗೆ ಫಿರೋಜನ ಹಂತ್ಯಾಕ ಕಳಸಿ ಕೇಳಿದೆ. ಏನೂ ಇಲ್ಲ."

ನಾನು ಗೆದ್ದೆ. ಹೀಗೆ ಗೆಲ್ಲುವುದು ಯಾರಿಗೆ ಬೇಕಾಗಿತ್ತು?

ಏಪ್ರಿಲ್ 10

ಡೆಮೋ. ಹೊಸ ತಂತಿ ಏರಿದೆ. ಮನೆಯ ಸೆಟ್ಟಿನ ಕರೆ ಕಚೇರಿಯಲ್ಲಿ ಗಟ್ಟಿಯಾಗಿ ಕೇಳಿತು. ಸಾಹೇಬರು ಚಪ್ಪಾಳೆ ತಟ್ಟಿದರು. ನಾನು ಬಾಯಿ ತೆರೆಯುವ ಮೊದಲೇ ಆಪಾ ಎದ್ದು ನಿಂತರು.

"ಚಪ್ಪಾಳಿ ಬ್ಯಾಡ್ರಿ ಸಾಹೇಬ್ರ. ಇದು ಕಂಬ ನಿಂತಾಗಷ್ಟೇ ಬರ್ತದ. ನಮಗ ಬೇಕಾಗಿದ್ದು ಕಂಬ ಬಿದ್ದಾಗ."

"ಮತ್ತ ಇಷ್ಟ ದಿನ ಏನ್ ಮಾಡಿದ್ರಿ?"

"ತಪ್ಪು ತಿಳಕೊಂಡಿದ್ವಿ. ಇಬ್ಬರೂ."

ಸಾಹೇಬರು ಫೈಲು ಮುಚ್ಚಿದರು. ಬೈಯಲೂ ಇಲ್ಲ. ಹೊರಗೆ ಬೇವಿನ ನೆರಳಲ್ಲಿ ಕೂತೆವು. ಆಪಾ ಅತ್ತರು, ಬುರ್ಖಾದ ತುದಿಯಿಂದ ಮೂಗೊರೆಸಿಕೊಂಡರು.

"ಈಗ?"

"ಮ್ಯಾಲಿನ ಆವರ್ತನದ ಬ್ಯಾಂಡ್ ಅದರಿ. ಆಕಾಶಕ್ಕ ಹೋಗಿ ಬಡದು ಕೆಳಗ ಬರ್ತದ. ಕರೆಂಟಿನ ತಂತಿ ಬೇಕಾಗಂಗಿಲ್ಲ. ಆದ್ರ ಒಮ್ಮೊಮ್ಮೆ ಕೈ ಕೊಡ್ತದ."

"ಕೊಡಲಿ. ಇದು ಕೈ ಕೊಡ್ತದಂತ ಮೊದಲೇ ಗೊತ್ತದಲ್ಲ," ಅಂದರು ಆಪಾ. ಚಹಾ ತರಿಸಿದರು.

ಏಪ್ರಿಲ್ 20

ರಾಜೇಶ್ವರ. ಕಂಬಗಳಿಂದ ದೂರ ಫಿರೋಜನ ಹೊಲದಲ್ಲಿ ಹೊಸ ಆಂಟೆನಾ ಎಬ್ಬಿಸಿದೆವು. ಬಿಸಿಲಿಗೆ ತಲೆ ತಿರುಗಿತು. ಅದು ಎರಡು ಸಲ ಬಿತ್ತು. ಮನೆಯ ಸೆಟ್ಟಿನ ಕರೆ ಏನೂ ಕೇಳಲಿಲ್ಲ. ಮನೆಗೆ ಬಂದು ಚಪ್ಪಲಿ ಸಮೇತ ಮಲಗಿದೆ.

ಏಪ್ರಿಲ್ 27, ಮಧ್ಯಾಹ್ನ

ಕೆಂಪು ಧೂಳು. ಜೋರು ಗಾಳಿ, ಗುಡುಗಿಲ್ಲ. ಮನೆಯವರು ಅಂಗಡಿಯಿಂದ ಬಂದು ಹೇಳಿದರು — ಹುಮನಾಬಾದ್ ರಸ್ತೆಯಲ್ಲಿ ಕಂಬ ಬಿದ್ದಿವೆಯಂತೆ. ಕರೆಂಟಿಲ್ಲ. ಫೋನಿಲ್ಲ. ಆಪಾ ಇವತ್ತು ಆಂಟೆನಾ ಸರಿಮಾಡಲು ಸೆಟ್ ಒಯ್ದು ರಾಜೇಶ್ವರದ ಹೊಲದಲ್ಲಿರಬೇಕು, ಹೋಗುತ್ತೇನೆ ಅಂದಿದ್ದರು. ಬ್ಯಾಟರಿ ಜೋಡಿಸಿ, ಮೇಲಿನ ಬ್ಯಾಂಡಿಗೆ ತಿರುಗಿಸಿ ಕೂತಿದ್ದೇನೆ. ಕಿವಿಯಲ್ಲಿ ಸರಸರ. ಇಲ್ಲ. ಇನ್ನೂ ಇಲ್ಲ. ಕಣ್ಣು ಎಳೆಯುತ್ತಿದೆ...

ತಡೆ. ಸಣ್ಣಗೆ, ತೀರಾ ಸಣ್ಣಗೆ — ಆಪಾರದೇ ಕೈ, ಆ ಉದ್ದ ಗೆರೆ ಎಳೆಯುವ ರೀತಿ. ನನ್ನನ್ನೇ ಕರೆಯುತ್ತಿದ್ದಾರೆ. ಪೆನ್ನು ಇಡುತ್ತೇನೆ, ಕೈ ಕೀ ಮೇಲೆ ಬೇ—