ಬೂದು ಕಾರು, ಹಳದಿ ಪರದೆ

ಭಾನುವಾರ

ಜೀರಿಗೆಯ ಅಪ್ಪನಿಗೆ,

ನಾನು ಕಾಗದ ಬರೆಯುವವಳಲ್ಲ ಅಂತ ನಿಮಗೆ ಗೊತ್ತು. ಫೋನ್ ಮಾಡಿದರೆ ಮೂರು ಮಾತಿಗೆ ಇಟ್ಟುಬಿಡುತ್ತೀರಿ, ಅಕಸ್ಮಾತ್ ಇಡದಿದ್ದರೆ ನಾಲ್ಕನೆಯ ಮಾತಿಗೆ ನಾನು ಅಳುತ್ತೇನೆ. ಅದಕ್ಕೇ ಈ ಕಾಗದ. ಪೂರ್ತಿ ಓದಿ. ಅರ್ಧಕ್ಕೆ ಮಡಿಚಿ ಜೇಬಿಗೆ ಹಾಕಿಕೊಳ್ಳಬೇಡಿ.

ಮೊದಲು ನಮ್ಮ ಮಗಳು ಜೀರಿಗೆಯ ಸುದ್ದಿ. ಚೆನ್ನಾಗಿದ್ದಾಳೆ ಅಂತ ಬರೆದರೆ ಸುಳ್ಳಾಗುತ್ತದೆ. ಶಾಲೆಯ ವ್ಯಾನು ನಡು ಮುರಿದುಕೊಂಡು ಬಿದ್ದ ದಿನದಿಂದ ಹೇಗಿದ್ದಳೋ ಹಾಗೇ ಗಾಲಿಕುರ್ಚಿಯಲ್ಲಿದ್ದಾಳೆ. ನಾಲಿಗೆ ಮಾತ್ರ ಇನ್ನೊಂದು ಗೇಣು ಉದ್ದವಾಗಿದೆ. ಊರಿನ ಆ ತುದಿಯಲ್ಲಿರುವ ವ್ಯಾಯಾಮದ ಕೇಂದ್ರಕ್ಕೆ ದಿನ ಬಿಟ್ಟು ದಿನ ಕರೆದುಕೊಂಡು ಹೋದರೆ ಕೋಲು ಹಿಡಿದಾದರೂ ನಿಲ್ಲಬಹುದು ಅಂತ ಡಾಕ್ಟರು ಹೇಳಿದ್ದಾರೆ. ಈ ವರ್ಷ ತಪ್ಪಿಸಿದರೆ ಕಾಲು ಮರಗಟ್ಟುತ್ತದಂತೆ, ಆಮೇಲೆ ಏನೂ ಮಾಡಲಿಕ್ಕಾಗುವುದಿಲ್ಲವಂತೆ. ಬಸ್ಸಿಗೆ ಕುರ್ಚಿ ಹತ್ತುವುದಿಲ್ಲ. ಬಾಡಿಗೆ ಕಾರಿನವರಿಗೆ ಕುರ್ಚಿ ಕಂಡ ತಕ್ಷಣ ಬೇರೆ ಬಾಡಿಗೆ ನೆನಪಾಗುತ್ತದೆ. ಹಾಗಾಗಿ ನಾನೇ ಡ್ರೈವಿಂಗ್ ಕಲಿತೆ. ನಿಂತ ಗೋಡೆಗೆ ಸೈಕಲ್ ಗುದ್ದಿದವಳು ಅಂತ ನಗಬೇಡಿ, ಲೈಸೆನ್ಸ್ ಕೈಗೆ ಬಂದಿದೆ. ಇನ್ನು ಬೇಕಾದದ್ದು ನನ್ನ ಕೈಗೆಟುಕುವ ಒಂದು ಹಳೆಯ ಕಾರು.

ಆದರೆ ಜೀರಿಗೆ ಯಾವ ಗಾಡಿಗೂ ಹತ್ತುವುದಿಲ್ಲ. ಎತ್ತಿ ಕೂರಿಸಲು ಹೋದರೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಿರುಚುತ್ತಾಳೆ. ಅಪ್ಪ ಬಂದು ತಟ್ಟಿ ನೋಡಿ ಗಟ್ಟಿ ಇದೆ ಅಂದರೆ ಮಾತ್ರ ಕೂರುತ್ತೇನೆ ಅಂತ ಒಂದೇ ಹಟ. ನೀವು ಬೆರಳು ಮಡಿಚಿ, ತಟ್ಟಿ, ಕಿವಿ ಕೊಟ್ಟು, ಗಟ್ಟಿ ಇದೆ ಕಣಮ್ಮ ಅನ್ನುತ್ತಿದ್ದಿರಲ್ಲ, ಅವಳ ಆಟದ ಬಂಡಿಯಿಂದ ಹಿಡಿದು ಅಂಗಡಿಯ ಕಲ್ಲಂಗಡಿಯವರೆಗೆ. ಈಗ ಅವಳಿಗೆ ಲೋಕದಲ್ಲಿ ನಂಬಿಕೆ ಉಳಿದಿರುವುದು ಆ ಒಂದು ಮಾತಿನ ಮೇಲೆ. ಮೊನ್ನೆ ಸ್ನಾನ ಮಾಡಿಸುವಾಗ ತನ್ನ ಮೊಣಕಾಲನ್ನೇ ಹಾಗೆ ತಟ್ಟಿ ನೋಡಿಕೊಂಡಳು. ಟೊಳ್ಳು ಕಣಮ್ಮ ಅಂದು ನಕ್ಕಳು. ನಾನೂ ನಕ್ಕೆ. ಇನ್ನೇನು ಮಾಡಲಿ.

ಹೋದ ವಾರ ಆಸ್ಪತ್ರೆಯ ಲಾಂಡ್ರಿಯಲ್ಲಿ ಪಾಳಿ ಮುಗಿಸಿ, ಕೈಯಲ್ಲಿ ಬ್ಲೀಚಿನ ವಾಸನೆ ಹೊತ್ತುಕೊಂಡೇ ಹೆದ್ದಾರಿ ಪಕ್ಕದ ಹಳೇ ಕಾರುಗಳ ಅಂಗಳಕ್ಕೆ ಹೋದೆ. ದಲ್ಲಾಳಿ ನನ್ನ ಚಪ್ಪಲಿ ನೋಡಿಯೇ ನನ್ನ ಯೋಗ್ಯತೆ ಅಳೆದ. ಮುಂದಿನ ಹೊಳೆಯುವ ಸಾಲನ್ನು ದಾಟಿಸಿ, ಹಿಂದಿನ ಬೇಲಿಯ ಹತ್ತಿರ ಕರೆದುಕೊಂಡು ಹೋದ. ಅಲ್ಲಿದ್ದ ಗಾಡಿಗಳನ್ನೆಲ್ಲ ಒಬ್ಬ ಟೀಚರಮ್ಮ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಮಾತ್ರ ಓಡಿಸಿದ್ದಳಂತೆ. ಇಷ್ಟೊಂದು ಕಾರು ಓಡಿಸಿದ ಟೀಚರಮ್ಮ ಪಾಠ ಯಾವಾಗ ಮಾಡುತ್ತಿದ್ದಳೋ.

ಗಾಡಿಗಳ ತಗಡು ಬೆಸೆದು ಟಿಂಕರಿಂಗ್ ಮಾಡುವವನ ಹೆಂಡತಿಯಾಗಿ ಇಷ್ಟು ವರ್ಷ ಸುಮ್ಮನೆ ಕಳೆದಿಲ್ಲ ನೋಡಿ, ನಿಮ್ಮಿಂದ ಕಲಿತದ್ದನ್ನೆಲ್ಲ ಮಾಡಿದೆ. ಬಾಗಿಲ ರಬ್ಬರು ಎತ್ತಿ ಒಳಗಿನ ಬಣ್ಣ ನೋಡಿದೆ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಹೊಗೆ ನೋಡಿದೆ. ಜೊತೆಗೆ ನನ್ನದೇ ಪರೀಕ್ಷೆ ಬೇರೆ. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಸೀಟು ನಮ್ಮ ಕುರ್ಚಿಯ ಮಟ್ಟಕ್ಕಿದೆಯೇ, ಕುರ್ಚಿ ಮಡಿಚಿದರೆ ಡಿಕ್ಕಿಯೊಳಗೆ ಹಿಡಿಸುತ್ತದೆಯೇ. ಒಂದು ದಾರಕ್ಕೆ ಅಳತೆಯ ಗಂಟು ಹಾಕಿಕೊಂಡು ಹೋಗಿದ್ದೆ. ದಾರ ಹಿಡಿದು ಕಾರಿಗೆ ಅಳತೆ ತೆಗೆಯುವ ಹೆಂಗಸನ್ನು ಕಂಡು, ಇವಳೇನು ಇದಕ್ಕೆ ರವಿಕೆ ಹೊಲಿಯುತ್ತಾಳೋ ಅಂದುಕೊಂಡಿರಬೇಕು ದಲ್ಲಾಳಿ.

ಕೊನೆಗೆ ನನ್ನ ದಾರಕ್ಕೂ ನನ್ನ ದುಡ್ಡಿಗೂ ಹೊಂದಿದ್ದು ಎರಡೇ. ಒಂದು ಕೆಂಪು ಕಾರು. ಬಿಸಿಲಿಗೆ ಬಣ್ಣ ಹೋಗಿ ಮಾಸಿದ ಇಟ್ಟಿಗೆಯ ಹಾಗಾಗಿದೆ, ಬಲಗಡೆ ಬಾಗಿಲಿಗೆ ಅಂಗೈಯಗಲ ತಗ್ಗು. ಇನ್ನೊಂದು ಬೂದು ಕಾರು, ಮದುವೆಗೆ ಹೊರಟ ಹಾಗೆ ಮಿರಮಿರ ಮಿಂಚುತ್ತಿತ್ತು, ಬೆಲೆ ಅಷ್ಟೇ. ನನಗೂ ಆಸೆಯಾಯಿತು, ಯಾಕೆ ಸುಳ್ಳು ಹೇಳಲಿ. ಮಗಳನ್ನು ಒಳ್ಳೆಯದರಲ್ಲಿ ಕೂರಿಸಬೇಕು ಅಂತ ಯಾವ ತಾಯಿಗೆ ಇರುವುದಿಲ್ಲ. ಆದರೆ ಮೇಲೆ ಥಳುಕು ಒಳಗೆ ಹುಳುಕು ಅಂತ ನೀವೇ ಎಷ್ಟು ಸಲ ಹೇಳಿಲ್ಲ. ದಲ್ಲಾಳಿ ಫೋನಿನಲ್ಲಿದ್ದಾಗ ಹಿಂದಿನ ಬಾಗಿಲು ತೆಗೆದು, ಮಂಡಿಯೂರಿ, ನೆಲದ ಕಾರ್ಪೆಟ್ಟು ಎತ್ತಿದೆ.

ಅಡ್ಡಕ್ಕೆ ಒಂದು ಗೆರೆ ಇತ್ತು, ಈ ಬಾಗಿಲಿಂದ ಆ ಬಾಗಿಲವರೆಗೆ. ಎರಡು ಜಖಂ ಆದ ಕಾರುಗಳನ್ನು ಕತ್ತರಿಸಿ, ಒಂದರ ಮುಂದಿನರ್ಧಕ್ಕೆ ಇನ್ನೊಂದರ ಹಿಂದಿನರ್ಧ ಬೆಸೆದು ಮಾಡಿದ ಗಾಡಿ. ಬೆಸುಗೆಯ ಮೇಲೆ, ಸದ್ದು ಬರಬಾರದು, ನೀರು ಇಳಿಯಬಾರದು ಅಂತ ಡಾಂಬರಿನಲ್ಲಿ ಅದ್ದಿದ ಬಟ್ಟೆಯ ಪಟ್ಟಿ ಅಂಟಿಸಿತ್ತು. ನೀವು ಮನೆಯ ಹಳೇ ಬಟ್ಟೆ ಹರಿದು ಅಂಟಿಸುತ್ತಿದ್ದಿರಲ್ಲ, ಹಾಗೇ. ಬೇರೆ ಯಾರೂ ಹಾಗೆ ಮಾಡುವುದಿಲ್ಲ, ಅದು ನನ್ನ ಕೈಗುಣ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದಿರಲ್ಲ. ಪಟ್ಟಿಯ ಒಂದು ತುದಿಗೆ ಡಾಂಬರು ಹತ್ತಿರಲಿಲ್ಲ. ಅದು ಹಳದಿ ಬಟ್ಟೆ. ಅದರ ಮೇಲೆ ಒಂದು ಬಾತುಕೋಳಿಯ ಕಸೂತಿ, ಕೊಕ್ಕು ತಲೆಕೆಳಗಾಗಿ ಹೊಲಿದದ್ದು.

ಆ ಕೊಕ್ಕನ್ನು ತಪ್ಪು ಹೊಲಿದವಳು ನಾನು. ಜೀರಿಗೆಯ ಕೋಣೆಯ ಕಿಟಕಿ ಪರದೆ ಅದು. ನೀವು ಮನೆ ಬಿಟ್ಟು ಹೋದ ದಿನದಿಂದ ಅದು ಕಾಣೆಯಾಗಿತ್ತು. ಹೋಗುವವರು ಒಂದು ಒಳ್ಳೆಯ ಅಂಗಿಯನ್ನೂ ತೆಗೆದುಕೊಳ್ಳದೆ ಮಗಳ ಪರದೆ ಮಡಿಚಿಕೊಂಡು ಹೋಗಿದ್ದಾರಲ್ಲ ಅಂತ ನಾನು ಎಷ್ಟು ಅತ್ತಿದ್ದೆ ಗೊತ್ತಾ. ನನ್ನ ತಂಗಿ ನಿಮ್ಮನ್ನು ಬೈದಾಗಲೆಲ್ಲ ಆ ಪರದೆಯ ಮಾತು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ನಿಮ್ಮ ಅರ್ಧ ತಪ್ಪನ್ನು ಅದೊಂದೇ ಕಾರಣಕ್ಕೆ ಕ್ಷಮಿಸಿದ್ದೆ. ನೀವು ಅದನ್ನು ಪಟ್ಟಿ ಹರಿಯಲು ಒಯ್ದಿದ್ದಿರಿ.

ಅಲ್ಲೇ ಮಂಡಿಯ ಮೇಲೆ ಕೂತಿದ್ದಾಗ ಇನ್ನೊಂದು ನೆನಪಾಯಿತು. ಜೀರಿಗೆಯ ಶಾಲೆಯ ಚೀಲ ತರಲು ಪೊಲೀಸ್ ಠಾಣೆಯ ಅಂಗಳಕ್ಕೆ ಹೋಗಿದ್ದೆನಲ್ಲ, ವ್ಯಾನು ಅಲ್ಲೇ ಬಿದ್ದಿತ್ತು. ಅದೂ ಎರಡು ಗಾಡಿಯ ಅರ್ಧರ್ಧ ಸೇರಿಸಿದ್ದೇ, ಬೆಸುಗೆ ಬಿಟ್ಟು, ಚಾಕುವಿನಲ್ಲಿ ಕೊಯ್ದ ಹಾಗೆ ನೆಲ ನೇರವಾಗಿ ಸೀಳಿತ್ತು. ಉಳಿದ ಮಕ್ಕಳು ತರಚು ಗಾಯದಲ್ಲಿ ಪಾರಾದವು, ಆ ಗೆರೆಯ ಮೇಲೆ ಕೂತಿದ್ದವಳು ನಮ್ಮವಳು. ಸೀಳಿನ ಅಂಚಿಗೆ ಡಾಂಬರು ಮೆತ್ತಿದ ನೀಲಿ ಚೌಕಳಿ ಬಟ್ಟೆ ನೇತಾಡುತ್ತಿತ್ತು. ನಮ್ಮ ಹಳೇ ಹಾಸಿಗೆ ಹೊದಿಕೆಯೂ ನೀಲಿ ಚೌಕಳಿಯದೇ. ಯಾರ ಮನೆಯಲ್ಲಿರುವುದಿಲ್ಲ ಅಂದುಕೊಂಡು ಚೀಲ ಎತ್ತಿಕೊಂಡು ಬಂದೆ. ಅವತ್ತು ಮನೆಗೆ ಬಂದು, ಯಾವ ಪಾಪಿ ಬೆಸೆದನೋ ಅವನ ಕೈ ಸೇದಿಹೋಗಲಿ ಅಂತ ಶಪಿಸಿದೆ. ನೀವೂ ಹೂಂ ಅಂದಿರಿ. ಕುಂಬಳಕಾಯಿ ಕಳ್ಳ ಅಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ, ನೀವು ಅದನ್ನೂ ಮಾಡಲಿಲ್ಲ. ಒಂದು ತಿಂಗಳಲ್ಲಿ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು ಅಂತ ಹೊರಟುಬಿಟ್ಟಿರಿ. ಯಾಕೆ ಹೋದಿರಿ ಅಂತ ಈಗ ತಿಳಿಯಿತು.

ಗೊತ್ತಿದ್ದೂ ಆ ವ್ಯಾನಿಗೆ ಹತ್ತಿಸಿದಿರಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಶೆಡ್ಡಿನಿಂದ ಹೊರಬಿದ್ದ ಗಾಡಿ ಎಲ್ಲೆಲ್ಲೋ ತಿರುಗಿ, ಬಣ್ಣ ಬದಲಿಸಿಕೊಂಡು ನಮ್ಮ ಬಾಗಿಲಿಗೇ ಬಂದಿದ್ದು ಯಾರ ಹಣೆಬರಹವೋ. ಆದರೆ ಗೊತ್ತಾದ ಮೇಲೂ ಮತ್ತೆ ಬೆಸೆದಿರಲ್ಲ. ಅದೂ ಅವಳ ಪರದೆ ಹರಿದು. ತಿಂಗಳು ತಿಂಗಳು ಅವಳ ಔಷಧಿಗೆ ಅಂತ ಕಳಿಸುವ ದುಡ್ಡು ಇದೇ ದುಡ್ಡಾ? ನಾನು ಕಾರಿಗೆ ಅಂತ ಕೂಡಿಟ್ಟದ್ದರಲ್ಲಿ ಅರ್ಧ ಅದೇ. ಬಿಸಾಡೋಣ ಅಂದರೆ ಅವಳ ಕಾಲು, ಇಟ್ಟುಕೊಳ್ಳೋಣ ಅಂದರೆ ಯಾರ ಮಕ್ಕಳ ಕಾಲೋ. ನನಗೆ ಸಾಕಾಗಿದೆ.

ಬೂದು ಕಾರಿನ ವಿಷಯ ದಲ್ಲಾಳಿಗೆ ಹೇಳಿ ಬಂದಿದ್ದೇನೆ, ನೀವು ಆ ಚಿಂತೆ ಮಾಡಬೇಡಿ. ಕೆಂಪು ಕಾರಿಗೆ ಮುಂಗಡ ಕೊಟ್ಟಿದ್ದೇನೆ. ಅದರ ನೆಲವನ್ನೂ ನೋಡಿದೆ, ತುಕ್ಕು ಇದೆ, ಆದರೆ ಒಂದೇ ತಗಡು. ತಗ್ಗು ಕಾಣುವ ಕಾರು ಏನನ್ನೂ ಮುಚ್ಚಿಡುವುದಿಲ್ಲ.

ನೀವು ಒಂದು ಸಲ ಬನ್ನಿ. ಉಳಿಯುವುದು ಬೇಡ, ಊಟಕ್ಕೂ ಕರೆಯುವುದಿಲ್ಲ. ಜೀರಿಗೆಯ ಎದುರು ಆ ಕಾರಿನ ನೆಲ ತಟ್ಟಿ, ಕಿವಿ ಕೊಟ್ಟು, ಯಾವಾಗಲೂ ಹೇಳುವ ಹಾಗೆ ಹೇಳಿ ಹೋಗಿ. ಅವಳ ಮುಂದೆ ಬೇರೆ ಏನೂ ಬಾಯಿ ಬಿಡಬೇಡಿ. ನಿಮ್ಮ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ ಅಂತ ತಿಳಿದ ಮೇಲೂ, ಅದನ್ನೇ ಬೇಡಿಕೊಳ್ಳುವ ಗತಿ ನನಗೆ ಬಂತು.

ಇಂತಿ,
ನಿಮ್ಮ ಮಗಳ ತಾಯಿ

ತಾ.ಕ.: ದಲ್ಲಾಳಿಗೆ ಹೇಳಿ ಬಂದೆ ಅಂತ ಮೇಲೆ ಬರೆದದ್ದು ಸುಳ್ಳು. ಬಾಯಿ ತೆರೆದರೆ ಬೆಸೆದವರು ಯಾರು ಅನ್ನುವ ಪ್ರಶ್ನೆ ಬರುತ್ತದೆ, ಅದರ ಬೆನ್ನಿಗೆ ವ್ಯಾನು, ಅದರ ಬೆನ್ನಿಗೆ ಪೊಲೀಸರು, ಕೊನೆಗೆ ಜೀರಿಗೆ. ಕಾರ್ಪೆಟ್ಟು ಹಾಸಿ ಸುಮ್ಮನೆ ಎದ್ದೆ. ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ಒಂದು ಮಗುವನ್ನು ಕರೆದುಕೊಂಡು ಆ ಕಾರು ನೋಡಲು ಬಂದರು. ನೀವು ಮೊದಲು ನೋಡಿದ್ದಲ್ವಾ ಅಕ್ಕಾ, ನಿಮಗೆ ಬೇಡವಾ ಅಂತ ಆ ಮಗುವಿನ ತಾಯಿ ಮರ್ಯಾದೆಯಿಂದ ಕೇಳಿದಳು. ಬೇಡ, ತಗೊಳ್ಳಿ ಅಂದೆ. ನಿನ್ನೆ ನಾನು ಮುಂಗಡ ಕೊಡಲು ಹೋದಾಗ ಅವರು ಬೂದು ಕಾರು ಕೊಂಡು ಅದರಲ್ಲೇ ಹೊರಡುತ್ತಿದ್ದರು. ಮಗು ಹಿಂದಿನ ಸೀಟಿನಲ್ಲಿ, ನೀವು ಬೆಸೆದ ಗೆರೆಯ ಮೇಲೆ ಕೂತು ನನಗೆ ಕೈ ಬೀಸಿತು. ಮನೆ ಎಲ್ಲಿ ಅಂತ ಕೇಳಿಕೊಂಡೆ. ಪೆಟ್ರೋಲ್ ಬಂಕಿನ ಹಿಂದಿನ ಬೀದಿ, ಹಸಿರು ಗೇಟು. ಇವತ್ತು ಬೆಳಿಗ್ಗೆ ಆ ಗೇಟಿನ ತನಕ ಹೋಗಿ ವಾಪಸ್ ಬಂದೆ. ಹೇಳಿದರೆ ಅಪ್ಪನ ಕೆಲಸ ಜೀರಿಗೆಗೆ ತಿಳಿಯುತ್ತದೆ, ತಿಳಿದರೆ ಯಾರು ತಟ್ಟಿ ಹೇಳಿದರೂ ಅವಳು ಇನ್ನು ಯಾವ ಕಾರಿಗೂ ಹತ್ತುವುದಿಲ್ಲ. ಹೇಳದಿದ್ದರೆ ಆ ಮಗು ದಿನಾ ಹತ್ತುತ್ತದೆ. ಬೇಗ ಬನ್ನಿ.