ಮೂರು ಮೊಳದ ಗೆರೆ

ಎರಡನೇ ಬೇಸಿಗೆಯ ನಲವತ್ತೊಂದನೆಯ ದಿನ, 2161
ಹೊಂಗೆ ಬಡಾವಣೆ, ಎಂಟನೇ ಅಡ್ಡರಸ್ತೆ, ಮೈಸೂರಿನ ಪಡುವಣ ಅಂಚು

ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಗೆರೆ ಎಳೆದ ತಾಯಿಗೆ, ಅಥವಾ ತಂದೆಗೆ,

ಈ ಮನೆಯ ಈಗಿನ ಬಾಡಿಗೆದಾರರಲ್ಲಿ ಎಲ್ಲರಿಗಿಂತ ಹಿರಿಯಳಾದ ಜವರಮ್ಮ ಕೈಮುಗಿದು ಬರೆಯುವುದು. ನಾವಿಲ್ಲಿ ಕ್ಷೇಮ ಎಂದು ಮೊದಲು ಬರೆಯಬೇಕೆಂದು ನಮ್ಮಜ್ಜಿ ಕಲಿಸಿದ್ದಳು. ಸುಳ್ಳಿನಿಂದ ಶುರು ಮಾಡುವುದು ಬೇಡವೆಂದು ಆ ಸಾಲನ್ನು ಬಿಟ್ಟಿದ್ದೇನೆ. ಮೇಲಿನ ದಿನಾಂಕ ನೋಡಿ ನೀವು ನಗಬಹುದು. ನಮಗೆ ವರ್ಷಕ್ಕೆ ಎರಡು ಬೇಸಿಗೆ. ನೀವು ಆಷಾಢ, ಶ್ರಾವಣ ಎನ್ನುತ್ತಿದ್ದ ದಿನಗಳನ್ನೆಲ್ಲ ಎರಡನೆಯದು ನುಂಗಿಕೊಂಡಿದೆ. ನಡುವೆ ನಿಮಗೆ ಗೊತ್ತಿಲ್ಲದ ಪದ ಬಂದರೆ ಮನ್ನಿಸಬೇಕು. ನಾನು ಹಳ್ಳಿಯಲ್ಲಿ ಕಥೆ ಕೇಳಿ ಬೆಳೆದವಳು, ಕಥೆ ಹೇಳಿಯೇ ಮುದುಕಿಯಾದವಳು. ಬರೆದು ಅಭ್ಯಾಸವಿಲ್ಲ. ಎದುರಿಗೆ ಕೂತು ಹೂಂಗುಟ್ಟುವವರಿಲ್ಲದಿದ್ದರೆ ನನ್ನ ಮಾತು ಮುಂದಕ್ಕೆ ಹೋಗುವುದೇ ಕಷ್ಟ. ಅಲ್ಲಲ್ಲಿ ನೀವೇ ಒಂದು ಹೂಂ ಅಂದುಕೊಳ್ಳಿ.

ನಿಮ್ಮ ಗೆರೆಗಳು ಸಿಕ್ಕಿದ್ದು ಹೋದ ವರ್ಷ. ಮನೆಯ ಗೋಡೆಗಳು ನಿಮ್ಮ ಕಾಲದವಲ್ಲ, ಎರಡು ಸಲ ಬಿದ್ದು ಎದ್ದಿವೆ. ಚೌಕಟ್ಟು ಮಾತ್ರ ಮತ್ತಿ ಮರದ್ದು, ಅದು ಉಳಿದಿದೆ. ಬಿಸಿಲಿಗೆ ಅದರ ಬಣ್ಣ ಹಪ್ಪಳದಂತೆ ಎದ್ದಿತ್ತು. ಕೈ ಸುಮ್ಮನಿರಲಾರದೆ ಉಗುರಿನಿಂದ ಕೆರೆಯುತ್ತ ಕೂತೆ. ಹಸಿರು ಹೋಯಿತು, ಅದರಡಿ ಕಂದು ಹೋಯಿತು, ಅದರಡಿಯ ಬಿಳಿಯೂ ಹೋಯಿತು. ಕೊನೆಗೆ ಪೆನ್ನಿನಿಂದ ಒತ್ತಿ ಎಳೆದ ಒಂದು ಗೆರೆ, ಪಕ್ಕದಲ್ಲಿ ‘ಇಂಪನ, 2019’. ಅದರ ಮೇಲೆ ಮೂರು ಬೆರಳು ಬಿಟ್ಟು ‘ಇಂಪನ, 2020’. ಹೀಗೆ ಎಂಟು ಗೆರೆ. ಎಂಟನೆಯದರ ಪಕ್ಕದಲ್ಲಿ ಒಂದು ನಗುವ ಮುಖ ಬರೆದು, ‘ಅಮ್ಮನ ಭುಜ ದಾಟಿದಳು’ ಎಂದಿದ್ದೀರಿ.

ಅದನ್ನು ಓದಿ ನನಗೆ ಮೊದಲು ಆದದ್ದು ಭಯ. ತಮ್ಮ ಮಗು ಬೆಳೆದದ್ದಕ್ಕೆ ಯಾರಾದರೂ ತಾವೇ ಸಾಕ್ಷಿ ಬರೆದಿಡುತ್ತಾರೆಯೇ? ಬೇಗ ಬೇಗ ಸೆರಗು ಅಡ್ಡ ಹಿಡಿದು ಮುಚ್ಚಿ, ಕಿಟಕಿಯ ಕಡೆ ನೋಡಿದೆ. ಯಾಕೆಂದು ಹೇಳುತ್ತೇನೆ.

ನಿಮ್ಮ ಕಾಲದಲ್ಲಿ ಈ ಬೀದಿಯ ಗೇಟುಗಳಿಗೆ ಬೋರ್ಡು ತೂಗುತ್ತಿತ್ತಂತೆ: ಮನೆ ಬಾಡಿಗೆಗೆ ಇದೆ, ಸಂಸಾರಸ್ಥರಿಗೆ ಮಾತ್ರ. ಮಕ್ಕಳು ಮರಿ ಇರುವವರಿಗೆ ಹೇಳಿ ಮಾಡಿಸಿದ ಏರಿಯಾ ಎಂದು ಎಲ್ಲರಿಗೂ ಹೆಮ್ಮೆ. ನಮ್ಮಜ್ಜಿ ಇದನ್ನು ಕಥೆ ಮಾಡಿ ಹೇಳುತ್ತಿದ್ದಳು. ಮೊದಲು ಮದುವೆಯಾಗದ ಹುಡುಗರಿಗೆ ಮನೆ ಇಲ್ಲವೆಂದರು. ಬೀದಿ ಹೂಂ ಅಂದಿತು. ಆಮೇಲೆ ಮೀನು ಮಾಂಸ ಬೇಯಿಸುವವರಿಗೆ ಇಲ್ಲವೆಂದರು. ಬೀದಿ ಹೂಂ ಅಂದಿತು. ಗಂಡನಿಲ್ಲದ ಹೆಂಗಸಿಗೆ ಇಲ್ಲವೆಂದರು; ಬೀದಿ ಅತ್ತಿತ್ತ ನೋಡಿ ಹೂಂ ಅಂದಿತು. ಮಕ್ಕಳಿಲ್ಲದ ಜೋಡಿಗೆ ಇಲ್ಲವೆನ್ನುವ ಹೊತ್ತಿಗೆ ಬೀದಿಯನ್ನು ಕೇಳುವ ಪದ್ಧತಿಯೇ ನಿಂತುಹೋಗಿತ್ತು. ಅಷ್ಟರಲ್ಲಿ ನೀರು ತೀರುತ್ತ ಬಂತು. ಶಾಲೆ ನಡೆಯುವ ಬಡಾವಣೆಗೆ ಮಾತ್ರ ನಲ್ಲಿ ನೀರು ಎಂಬ ಕಾನೂನಾಯಿತು. ಶಾಲೆ ನಡೆಯಲು ಮಕ್ಕಳು ಬೇಕು. ಮಕ್ಕಳು ಹುಟ್ಟುವುದೋ ಅಪರೂಪ. ಹಾಗಾಗಿ ಸಂಸಾರ ಎಂದರೆ ಮಗುವಿರುವ ಮನೆ ಎಂದಾಯಿತು. ಜನ ಬೆಳೆದ ಮಕ್ಕಳನ್ನೂ ಚಿಕ್ಕವರೆಂದು ತೋರಿಸಲು ಹುಟ್ಟಿದ ದಿನಾಂಕದ ಸುಳ್ಳು ಕಾಗದ ಮಾಡಿಸಿ ತರತೊಡಗಿದಾಗ, ಕಾಗದ ಸುಳ್ಳು ಹೇಳೀತು, ಮೈ ಹೇಳುವುದಿಲ್ಲ ಎಂದು ಬಡಾವಣೆಯ ಬಾಗಿಲಲ್ಲಿ ಅಳತೆಗಂಬ ನೆಟ್ಟರು. ಅದೊಂದು ಕಬ್ಬಿಣದ ಕಂಬ. ಮೂರು ಮೊಳದ ಎತ್ತರಕ್ಕೆ ಕೆಂಪು ಗೆರೆ. ಎರಡನೇ ಬೇಸಿಗೆಯ ಮೊದಲ ದಿನ ಮಕ್ಕಳೆಲ್ಲ ಸಾಲಾಗಿ ಬಂದು ಅದಕ್ಕೆ ಬೆನ್ನು ಕೊಟ್ಟು ನಿಲ್ಲಬೇಕು. ಗೆರೆಯ ಕೆಳಗೆ ಒಂದಾದರೂ ತಲೆ ಇಲ್ಲದ ಮನೆಯವರು ತಿಂಗಳೊಳಗೆ ಆಚೆಸಾಲಿಗೆ ಹೋಗಬೇಕು. ಆಚೆಸಾಲು ಎಂದರೆ ವರ್ತುಲ ರಸ್ತೆಯ ಹೊರಗಿನ ಶೆಡ್ಡುಗಳ ಸಾಲು. ಅಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು, ದಿನವೆಲ್ಲ ದೂಳು. ನಿಮ್ಮ ಕಾಲದವರು ಅಲ್ಲೊಂದು ಕೆರೆ ಇತ್ತು ಎಂದರೆ ನಾನು ನಂಬುತ್ತೇನೆ, ಮಕ್ಕಳು ನಂಬುವುದಿಲ್ಲ.

ಬಡಾವಣೆ ಚೆನ್ನಾಗಿಲ್ಲ ಎಂದು ಮಾತ್ರ ತಿಳಿಯಬೇಡಿ. ನನ್ನ ಮಗ ಚೆಲುವಯ್ಯ, ಸೊಸೆ ದೇವೀರಿ, ಆಗ ನಾಲ್ಕು ವರ್ಷದ ಮೊಮ್ಮಗಳು ಹೊನ್ನಿ ಮತ್ತು ನಾನು ಇಲ್ಲಿಗೆ ಬಂದ ದಿನ ಹೊಂಗೆಯ ನೆರಳು ಕಂಡು ನಾನು ಅತ್ತುಬಿಟ್ಟೆ. ಬೀದಿಯಲ್ಲಿ ಗಾಡಿ ಓಡುವುದಿಲ್ಲ. ಗೇಟಿನ ಚಿಲಕಗಳೆಲ್ಲ ಮಕ್ಕಳ ಕೈಗೆ ಎಟುಕುವಷ್ಟು ಕೆಳಗಿವೆ. ತೆಗೆಯಲು ನಾವು ದೊಡ್ಡವರು ಬಗ್ಗಬೇಕು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಸದ್ದಿಗೆ ಹಕ್ಕಿಗಳು ಬರುತ್ತವೆ. ಸಂಜೆ ಮಕ್ಕಳು ಕುಂಟೆಬಿಲ್ಲೆ ಆಡುತ್ತವೆ, ಆಮೇಲೆ ಕಥೆಗೆ ನನ್ನ ಜಗಲಿಯ ಮೇಲೆ ಒತ್ತೊತ್ತಾಗಿ ಕೂರುತ್ತವೆ. ಇಷ್ಟು ಒಳ್ಳೆಯ ಜಾಗ. ಆದರೆ ಇಲ್ಲಿ ತಾಯಂದಿರು ಮಕ್ಕಳಿಗೆ ಅರ್ಧ ಮುದ್ದೆ ಇಕ್ಕುತ್ತಾರೆ. ಹುಟ್ಟಿದ ಹಬ್ಬ ಯಾರೂ ಮಾಡುವುದಿಲ್ಲ. ಲಂಗದ ಅಂಚು ಬಿಚ್ಚಿ ಉದ್ದ ಮಾಡುವಾಗ ಕಿಟಕಿ ಮುಚ್ಚಿಕೊಳ್ಳುತ್ತಾರೆ. ಕಾಲಿಗೆ ಬಿದ್ದ ಮಗುವಿಗೆ ನಾವು ‘ಇದ್ದಂಗೇ ಇರವ್ವ’ ಎಂದು ಹರಸುತ್ತೇವೆ. ನಿಮ್ಮ ಕಾಲದಲ್ಲಿ ಏನೆಂದು ಹರಸುತ್ತಿದ್ದಿರೋ ಅದು ನನಗೆ ಗೊತ್ತು. ಅದನ್ನು ಇಲ್ಲಿ ಬೈಗುಳಕ್ಕೆ ಬಳಸುತ್ತಾರೆ.

ನನ್ನ ತಪ್ಪು ಇಲ್ಲಿಂದ ಶುರು. ನನ್ನಲ್ಲೊಂದು ಕಥೆಯಿದೆ. ಮಕ್ಕಳಿಲ್ಲದ ಮುದುಕಿಗೆ ಸೋರೆಕಾಯಿಯೊಳಗೆ ಒಂದು ಕೂಸು ಸಿಗುತ್ತದೆ. ಆ ಕೂಸು ದಿನಕ್ಕೊಂದು ಗೇಣು ಬೆಳೆಯಿತು, ವಾರಕ್ಕೊಂದು ಮಾರು ಬೆಳೆಯಿತು, ಅಟ್ಟ ಮುಟ್ಟಿತು, ಹೆಂಚು ಸರಿಸಿ ಆಕಾಶ ನೋಡಿತು ಎನ್ನುವಾಗ ನಾನು ಎದ್ದು ನಿಂತು ಕೈ ಮೇಲೆತ್ತುತ್ತಿದ್ದೆ, ಮಕ್ಕಳೂ ಎದ್ದು ಕೈ ಎತ್ತುತ್ತಿದ್ದವು. ಒಂದು ದಿನ ಎದುರು ಮನೆಯ ಸಣ್ಣಮ್ಮಣ್ಣಿ ಬಂದು, ಎಲೆ ಅಡಿಕೆ ಹಾಕಿಕೊಂಡು, ಅದೂ ಇದೂ ಮಾತಾಡಿ, ಹೊರಡುವಾಗ ಹೇಳಿದಳು: “ಕತೆ ಚೆಂದಾಗದೆ ಜವ್ರಮ್ಮಾರೇ. ಆದ್ರೆ ಆ ಬೆಳೆಯೋ ಜಾಗ ಒಂದ ಬುಟ್ಬುಡಿ. ಮಕ್ಳು ಆಸೆ ಪಟ್ಬುಟ್ಟಾವು.” ಅವಳ ಮಗ ಆಗಲೇ ಗೆರೆಗೆ ಎರಡು ಬೆರಳು ಕಮ್ಮಿ ಇದ್ದ. ನಾನು ಕಥೆ ಬದಲಾಯಿಸಿದೆ. ಕೂಸು ಸೋರೆಕಾಯಿಯಲ್ಲೇ ಉಳಿಯಿತು. ಅಲ್ಲೇ ಉಂಡಿತು, ಅಲ್ಲೇ ಮಲಗಿತು, ಸುಖವಾಗಿತ್ತು. ಏಳು ತಲೆಮಾರು ಬಾಯಿಂದ ಬಾಯಿಗೆ ಬಂದ ಕಥೆಯ ಕತ್ತನ್ನು ನಾನು ಒಂದು ಸಂಜೆಯಲ್ಲಿ ಮುರಿದೆ. ಮಕ್ಕಳು ಎದ್ದು ನಿಲ್ಲುವುದನ್ನು ಬಿಟ್ಟವು. ಸಣ್ಣಮ್ಮಣ್ಣಿಯ ಮಗ ಆ ವರ್ಷ ಹೇಗೂ ಗೆರೆ ದಾಟಿದ. ಅವರು ಆಚೆಸಾಲಿಗೆ ಹೋದರು.

ಹೊನ್ನಿಗೆ ಈಗ ಹನ್ನೆರಡು. ಇನ್ನೊಂದು ಹೆರುವ ಭಾಗ್ಯ ದೇವೀರಿಗೆ ಇರಲಿಲ್ಲ. ಹಾಗಾಗಿ ನಮ್ಮ ನಲ್ಲಿ, ನೆರಳು, ಸೂರು ಎಲ್ಲವೂ ಆ ಒಂದು ತಲೆಯ ಮೇಲೆ ನಿಂತಿದ್ದವು. ಮೂರು ವರ್ಷದ ಹಿಂದೆ ನನಗೆ ಕೆಮ್ಮು ಹಿಡಿದಾಗ ವೈದ್ಯರು ಎದೆಗೆ ಕೊಳವೆ ಇಟ್ಟು ನೋಡಿ, ಆಚೆಸಾಲಿನ ದೂಳಿನಲ್ಲಿ ಈ ಪುಪ್ಪುಸ ಒಂದು ತಿಂಗಳೂ ನಡೆಯುವುದಿಲ್ಲ ಎಂದು ಮಗನಿಗೆ ಹೇಳಿದರು. ಬಾಗಿಲ ಹಿಂದೆ ಹೊನ್ನಿ ನಿಂತಿದ್ದಳು. ಮರುದಿನದಿಂದ ಅವಳು ಅರ್ಧ ಮುದ್ದೆಯಲ್ಲೂ ಅರ್ಧ ಬಿಟ್ಟು ಏಳತೊಡಗಿದಳು. ಮೊಣಕಾಲು ತುಸು ಮಡಿಸಿ, ಸೊಂಟ ಒಳಕ್ಕೆಳೆದು, ಕತ್ತನ್ನು ಹೆಗಲ ನಡುವೆ ಇಳಿಸಿ ನಡೆಯುವುದನ್ನು ಕಲಿತಳು. ಕಲಿತಳು ಎಂದು ಬರೆದು ನುಣುಚಿಕೊಳ್ಳಲಾರೆ. ಲಂಗದೊಳಗೆ ಮೊಣಕಾಲು ಕಾಣದಂತೆ ಹೇಗೆ ಮಡಿಸಬೇಕೆಂದು ತೋರಿಸಿದವಳು ನಾನೇ. ಕಥೆಯಲ್ಲಿ ಕುಬ್ಜನ ವೇಷ ಕಟ್ಟಿ ನನಗೆ ಆ ವಿದ್ಯೆ ಬರುತ್ತಿತ್ತು. ಅಜ್ಜಿಯನ್ನು ಉಳಿಸುವ ಆಟವೆಂದು ಅವಳು ಆಡಿದಳು. ಸಾಯಲು ಹೆದರುವ ಮುದುಕಿ ಬೇಡವೆನ್ನಲಿಲ್ಲ. ಎರಡು ವರ್ಷ ಹೀಗೆ ದಾಟಿದೆವು.

ನಿಮ್ಮ ಗೆರೆಗಳನ್ನು ಅವಳಿಗೂ ತೋರಿಸಿದೆ. ಎಂಟೂ ಗೆರೆಗಳ ಮೇಲೆ ಬೆರಳಾಡಿಸಿ, ಇಂಪನಕ್ಕ ಕೊನೆಗೆ ಎಲ್ಲಿಗೆ ಹೋದಳು ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಎಂಟನೆಯ ಗೆರೆ ಮೂರು ಮೊಳಕ್ಕಿಂತ ಎರಡು ಬೆರಳು ಮೇಲಿದೆ. ಬಹುಶಃ ನೀವು ಬೇರೆ ಬಾಡಿಗೆ ಮನೆಗೆ ಹೋದಿರಿ, ಅಲ್ಲಿ ಬೇರೆ ಚೌಕಟ್ಟಿನ ಮೇಲೆ ಒಂಬತ್ತನೆಯದನ್ನು ಎಳೆದಿರಿ. ಆದರೆ ಹೊನ್ನಿಯ ಲೆಕ್ಕವೇ ಬೇರೆ. ಪಾಪ, ಇಂಪನಕ್ಕನಿಂದ ಅವರ ಮನೆ ಹೋಯಿತು ಎಂದುಕೊಂಡು ಎರಡು ದಿನ ಮಂಕಾಗಿದ್ದಳು.

ಈ ಸಲದ ಅಳತೆ ಆಗಿ ಇವತ್ತಿಗೆ ನಲವತ್ತು ದಿನ. ಅಳತೆಗಂಬದ ಲಿಂಗಣ್ಣ ಒಳ್ಳೆಯ ಮನುಷ್ಯ, ಮಕ್ಕಳಿಗೆ ಕಡಲೆಮಿಠಾಯಿ ಕೊಟ್ಟು ಅಳೆಯುತ್ತಾನೆ. ಹೊನ್ನಿ ಕಂಬಕ್ಕೆ ಬೆನ್ನು ಕೊಟ್ಟಳು. ಅವನು ಅವಳ ತಲೆಯ ಮೇಲೆ ಅಳತೆಯ ಹಲಗೆ ಇಳಿಸಿದ, ಬಗ್ಗಿ ನೋಡಿದ, ಮತ್ತೊಮ್ಮೆ ಇಳಿಸಿದ. “ಏನಜ್ಜಿ, ನಿಮ್ಮನೆ ಮುದ್ದೆಗೆ ರಾಗಿನೇ ಹಾಕಕಿಲ್ವ? ಮೂರ್ ವರ್ಸದಿಂದ ಕೂದಲೆಳೆ ಏರಿಲ್ಲ ಇವ್ಳು” ಎಂದು ನಕ್ಕ. ಸಾಲಿನಲ್ಲಿದ್ದವರೂ ನಕ್ಕರು, ನಾನೂ ನಕ್ಕೆ. ದೇವೀರಿ ಹೊನ್ನಿಯ ಕೈ ಹಿಡಿದು ಬೇಗ ಬೇಗ ಸಾಲಿನಿಂದ ಈಚೆಗೆ ಕರೆತಂದಳು. ಇನ್ನೊಂದು ವರ್ಷ ಮನೆ ನಮ್ಮದಾಯಿತು.

ಮನೆಗೆ ಬಂದು, ಬಾಗಿಲು ಹಾಕಿ, ನಾನು ಅವಳನ್ನು ನಿಮ್ಮ ಚೌಕಟ್ಟಿನ ಮುಂದೆ ನಿಲ್ಲಿಸಿದೆ. ಒಂದು ದಿನವಾದರೂ ಅವಳ ನಿಜವಾದ ಎತ್ತರ ನೋಡಬೇಕೆಂದು ನನಗೆ ಆಸೆಯಿತ್ತು. ನಿಮ್ಮ ಮಗಳ ಎಂಟನೆಯ ಗೆರೆಯನ್ನು ಹೊನ್ನಿ ದಾಟಿರಬೇಕೆಂದು ಒಳಗೊಳಗೇ ಹೆಮ್ಮೆಯೂ ಇತ್ತು. ಗೆರೆ ಎಳೆಯಲು ಮೊಳೆ ಹಿಡಿದುಕೊಂಡಿದ್ದೆ.

“ಈಗ ಯಾರೂ ಇಲ್ಲ ಕಣವ್ವ, ನೆಟ್ಗೆ ನಿಂತ್ಕೊ” ಎಂದೆ.

“ನಿಂತಿವ್ನಲ್ಲಜ್ಜಿ” ಎಂದಳು.

“ಮಂಡಿ ಬುಡು. ಕತ್ತು ಮೇಲಕ್ಕೆತ್ತು.”

ಅವಳು ಕಣ್ಣು ಮುಚ್ಚಿ, ತುಟಿ ಕಚ್ಚಿ, ಮೈಯೆಲ್ಲ ನಡುಗುವಷ್ಟು ಬಲ ಹಾಕಿದಳು. ನಾನು ಮಂಡಿಗೆ ಕೈ ಹಾಕಿ ಒತ್ತಿದೆ. ಅದು ಒತ್ತಿದಷ್ಟೂ ಗಟ್ಟಿಯಾಯಿತು, ಮಡಿಕೆ ಬಿಚ್ಚಲಿಲ್ಲ. ಬೆನ್ನಿಗೆ ಎಣ್ಣೆ ಹಚ್ಚಿದೆ, ಬಿಸಿನೀರು ಹೊಯ್ದೆ, ನೆಲದ ಮೇಲೆ ಅಂಗಾತ ಮಲಗಿಸಿದೆ. ಮಲಗಿದಾಗಲೂ ಮೊಣಕಾಲು ಗೂಡುಕಟ್ಟಿದಂತೆ ಮೇಲೆಯೇ ಇತ್ತು.

“ನೆಟ್ಗೇ ಅವ್ನಿ ಕಣಜ್ಜಿ” ಎಂದಳು. “ನಿಂಗೇ ಕಣ್ ಕಾಣಕಿಲ್ಲ.”

ವೈದ್ಯರು ಬಂದು ನೋಡಿ, ಕಾಲುಗಳನ್ನು ಎರಡು ಸಲ ಎಳೆದು ಬಿಟ್ಟು, ಏನೂ ಬರೆದುಕೊಡದೆ ಹೋದರು. ಮಗನಿಗೆ ಸಂತೋಷವಾಗಿದೆ ಎಂದು ನನಗನಿಸುತ್ತದೆ, ದೇವರೇ ಕ್ಷಮಿಸಬೇಕು. ಅವನಿಗೆ ಇನ್ನು ಪ್ರತಿ ವರ್ಷದ ಹೆದರಿಕೆಯಿಲ್ಲ. ಹೊನ್ನಿ ಹದಿನಾರಕ್ಕೂ ಮೂರು ಮೊಳದ ಕೆಳಗೇ ಇರುತ್ತಾಳೆ, ಇಪ್ಪತ್ತಕ್ಕೂ. ಬೀದಿಯ ಮೂರು ಮನೆಯ ತಾಯಂದಿರು ಆಗಲೇ ಬಂದು, ಎಷ್ಟನೇ ವಯಸ್ಸಿಗೆ ಶುರುಮಾಡಿಸಿದಿರಿ ಎಂದು ನನ್ನನ್ನು ಮೆಲ್ಲಗೆ ಕೇಳಿ ಹೋಗಿದ್ದಾರೆ. ನಾನು ಬೇಡಿರವ್ವ ಎಂದು ಅಳುತ್ತ ಹೇಳಿದೆ. ಅವರು ಅದನ್ನು ಹೊಟ್ಟೆಕಿಚ್ಚು ಎಂದುಕೊಂಡರು. ನಿನ್ನೆ ಸಂಜೆ ಜಗಲಿಗೆ ಬಂದ ಮಕ್ಕಳಲ್ಲಿ ಇಬ್ಬರು ಮೊಣಕಾಲು ಮಡಿಸಿಕೊಂಡೇ ನಡೆದು ಬಂದರು.

ಹಳೆಯ ಕಥೆಯನ್ನು ಮತ್ತೆ ಹೇಳಿ ನೋಡಿದೆ. ದಿನಕ್ಕೊಂದು ಗೇಣು ಬೆಳೆಯಿತು ಎನ್ನುವಲ್ಲಿ ಎದ್ದು ನಿಂತು ಕೈ ಎತ್ತಿದೆ. ಮಕ್ಕಳು ಕೂತಲ್ಲೇ ನನ್ನ ಮುಖ ನೋಡಿದವು. ಅದು ಅವಕ್ಕೆ ರಾಕ್ಷಸನ ಕಥೆಯಂತೆ ಕೇಳಿಸಿರಬೇಕು. ಸಣ್ಣದೊಂದು ಅತ್ತಿತು.

ಈ ಕಾಗದವನ್ನು ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕಿನಲ್ಲಿ ಇಡುತ್ತೇನೆ. ಅದು ಹಿಂದಕ್ಕೆ ನಡೆದು ನಿಮ್ಮನ್ನು ಮುಟ್ಟುತ್ತದೆ ಎಂದು ನಂಬುವಷ್ಟು ದಡ್ಡಿ ನಾನಲ್ಲ. ಕಥೆಯಲ್ಲಿ ಗಿಳಿ ಒಯ್ಯುತ್ತದೆ, ಇಲ್ಲಿ ಗಿಳಿಯೂ ಇಲ್ಲ. ಮುಟ್ಟಿದರೂ ನೀವೇನು ಮಾಡುತ್ತೀರಿ? ನೀವೂ ಬಾಡಿಗೆಗೆ ಇದ್ದವರು. ಬೋರ್ಡು ಬರೆಸಿದವರು ಬೇರೆ, ಓದಿ ಒಳಗೆ ಬಂದವರು ನೀವು. ಒಳಗೆ ಬಂದವರಿಗೆ ಹೊರಗೆ ನಿಂತವರು ಕಾಣುವುದಿಲ್ಲ, ನಮಗೂ ಕಾಣಲಿಲ್ಲ.

ಆದರೂ ಒಂದನ್ನು ಕೇಳುತ್ತೇನೆ. ಮನೆ ಬಿಡುವಾಗ ಮಾಲೀಕರು ಬಣ್ಣ ಹೊಡೆಸುತ್ತಾರೆ. ಅದಕ್ಕೆ ಮುಂಚೆ ನಿಮ್ಮ ಮಗಳನ್ನು ಇನ್ನೊಮ್ಮೆ ಆ ಬಾಗಿಲಲ್ಲಿ ನಿಲ್ಲಿಸಿ, ಗೆರೆಯನ್ನು ಮರದೊಳಕ್ಕೆ ಇಳಿಯುವಂತೆ ಒತ್ತಿ ಎಳೆಯಿರಿ. ಆಮೇಲೆ ತಲೆಯ ಮೇಲೆ ಕೈಯಿಟ್ಟು, ನಾವು ಇಲ್ಲಿ ಯಾರಿಗೂ ಹೇಳಲಾಗದ ಆ ಮಾತನ್ನು ಬೀದಿಗೆಲ್ಲ ಕೇಳುವಂತೆ ಹೇಳಿ: ದೊಡ್ಡವಳಾಗು. ಒಂದು ಸಲ ಇಂಪನಳಿಗೆ ಹೇಳಿ. ಇನ್ನೊಂದು ಸಲ, ನಿಮಗೆ ಭಾರವಾಗದಿದ್ದರೆ, ನಮ್ಮ ಹೊನ್ನಿಯ ಹೆಸರಿಗೆ ಹೇಳಿ. ಅದರಿಂದ ಅವಳ ಮಂಡಿ ಬಿಚ್ಚುವುದಿಲ್ಲ ಎಂದು ನನಗೆ ಗೊತ್ತು. ಹುಟ್ಟಿದಾಗಿನಿಂದ ಅವಳಿಗೆ ಅದನ್ನು ಯಾರೂ ಹೇಳಿಲ್ಲ, ಅದಕ್ಕೆ ಕೇಳಿದೆ.

ಜವರಮ್ಮ